ಸಾಕೆನ್ನುವ ಗಳಿಗೆ ಯಾರದು?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಈ ಎರಡು ಕೆಲಸಗಳಲ್ಲಿಯೂ ಖರ್ಚು, ಓಡಾಟ, ಮನಸ್ತಾಪಗಳು ಇದ್ದದ್ದೇ. ಆದರೆ ಅವುಗಳಿಗಿಂತಲೂ ತಲೆ ತಿನ್ನುವ ಸಂಗತಿ ಇನ್ನೊಂದಿದೆ. ಎಲ್ಲಿಯವರೆಗೆ ನೋಡುತ್ತಾ ಹೋಗುವುದು, ಎಲ್ಲಿ "ಸಾಕು, ಇದೇ ಇರಲಿ" ಎನ್ನುವುದು? ಮೊದಲು ಬಂದ ಸಂಬಂಧವನ್ನೇ ಒಪ್ಪಿಕೊಂಡರೆ, ಮುಂದೆ ಇದಕ್ಕಿಂತ ಒಳ್ಳೆಯದು ಬರುತ್ತಿತ್ತೇನೋ ಎಂಬ ಕೊರಗು. ಬಿಟ್ಟುಕೊಟ್ಟರೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂಬ ಹಳಹಳಿ. ಊರು ಬಿಟ್ಟು ಬಂದ ನಮ್ಮಂಥವರಿಗಂತೂ ಈ ಕಷ್ಟ ಇಮ್ಮಡಿ. ಊರಿನಲ್ಲಾದರೆ ವಿಚಾರಿಸಿ ಹೇಳುವ ನಾಲ್ಕು ಜನ ಇರುತ್ತಾರೆ. ಇಲ್ಲಿ ಈ ಭಾನುವಾರ ನೋಡಿದ ಮನೆ ಮುಂದಿನ ಭಾನುವಾರ ಉಳಿದಿರುವುದಿಲ್ಲ.

ಈ ನಗರಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ನಾನೊಂದು ಬಾಡಿಗೆ ಮನೆ ನೋಡಿದೆ. ಗಾಳಿ, ಬೆಳಕು, ನೀರು ಎಲ್ಲವೂ ಸರಿಯಾಗಿತ್ತು. ಇನ್ನೆರಡು ಮನೆ ನೋಡಿ ನಾಳೆ ಹೇಳುತ್ತೇನೆಂದು ಬಂದೆ. ಮರುದಿನ ಹೋಗುವಷ್ಟರಲ್ಲಿ ಬೇರೊಬ್ಬರು ಮುಂಗಡ ಕೊಟ್ಟಾಗಿತ್ತು. ನಾನು ಮನೆಯನ್ನು ಅಳೆಯುತ್ತಿದ್ದೆನೇ ಹೊರತು, ಅದೇ ಮನೆಯನ್ನು ಅಳೆಯುತ್ತಿದ್ದ ಇನ್ನೊಬ್ಬನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗಣಿತದ ಚರಿತ್ರೆಯನ್ನು ಓದುವಾಗ, ಮಹಾ ಮಹಾ ವಿದ್ವಾಂಸರೂ ಬಹುಕಾಲ ಹೀಗೆಯೇ ಮಾಡಿದರೆಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು. "ಯಾವಾಗ ನಿಲ್ಲಬೇಕು" ಎಂಬ ಪ್ರಶ್ನೆಗೆ ಗಣಿತದಲ್ಲಿ ಒಂದು ಪ್ರತ್ಯೇಕ ಶಾಖೆಯೇ ಇದೆ. ಅದು ಮೊದಲು ಒಬ್ಬನೇ ಮನುಷ್ಯನ ಪ್ರಶ್ನೆಯಾಗಿ ಹುಟ್ಟಿತು. ಎದುರಿಗಿರುವವನಿಗೂ ಒಂದು ಮನಸ್ಸುಂಟು, ಅವನೂ "ಸಾಕು" ಎನ್ನಬಲ್ಲ ಎಂಬುದು ಲೆಕ್ಕದೊಳಗೆ ಬಂದದ್ದು ಬಹಳ ತಡವಾಗಿ. ಆ ಕಥೆಯನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳಲು ಯತ್ನಿಸುತ್ತೇನೆ.

ಕೆಪ್ಲರನ ಹನ್ನೊಂದು ಕನ್ಯೆಯರು

ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಯೋಹಾನ್ನೆಸ್ ಕೆಪ್ಲರನ ಹೆಸರನ್ನು ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಅವನ ಮೊದಲ ಹೆಂಡತಿ ಬಾರ್ಬರಾ 1611ರಲ್ಲಿ ತೀರಿಕೊಂಡಳು. ಚಿಕ್ಕ ಮಕ್ಕಳಿದ್ದರು. ಕೆಪ್ಲರ್ ಪ್ರಾಗ್ ನಗರವನ್ನು ಬಿಟ್ಟು ಆಸ್ಟ್ರಿಯದ ಲಿಂಟ್ಸ್‌ಗೆ ಹೋಗಿ ನೆಲೆಸಿದ. ಎರಡನೆಯ ಮದುವೆಗಾಗಿ ಹುಡುಕಾಟವನ್ನೂ ನಡೆಸಿದ. ಸುಮಾರು ಎರಡು ವರ್ಷಗಳಲ್ಲಿ ಹನ್ನೊಂದು ಸಂಬಂಧಗಳನ್ನು ನೋಡಿದನೆಂದು 1613ರ ಅಕ್ಟೋಬರಿನಲ್ಲಿ ತಾನೇ ಬರೆದ ಒಂದು ದೀರ್ಘ ಕಾಗದದಲ್ಲಿ ಹೇಳಿಕೊಂಡಿದ್ದಾನೆ. ಒಬ್ಬಳ ಬಾಯಿ ವಾಸನೆ ಅವನಿಗೆ ಹಿಡಿಸಲಿಲ್ಲ. ನಾಲ್ಕನೆಯವಳು ಎತ್ತರದ ಮೈಕಟ್ಟಿನವಳು. ಅವನಿಗೆ ಒಪ್ಪಿಗೆಯೇ ಆಗಿದ್ದಳು. ಆದರೆ ಅಷ್ಟರಲ್ಲಿ ಐದನೆಯವಳ ವಿಚಾರ ಬಂತು. ಅವಳು ಸುಸಾನಾ ರಾಯ್ಟಿಂಗರ್ ಎಂಬ ತಬ್ಬಲಿ ಹುಡುಗಿ. ದೊಡ್ಡ ಮನೆತನವೊಂದರ ಆಶ್ರಯದಲ್ಲಿ ಬೆಳೆದವಳು, 24 ವರ್ಷದವಳು. ವಿನಯವಂತೆ, ಮಿತವ್ಯಯಿ, ಮಲಮಕ್ಕಳನ್ನು ಪ್ರೀತಿಯಿಂದ ಕಾಣುವಳೆಂಬ ಭರವಸೆ. ಆದರೆ ಸ್ನೇಹಿತರು, "ಅಂತಸ್ತು ಸಾಲದು" ಎಂದು ಕಿವಿಯೂದಿದರು. ಕೆಪ್ಲರ್ ಅತ್ತ ಇತ್ತ ತೂಗುತ್ತಲೇ ಕುಳಿತ. ನಾಲ್ಕನೆಯವಳು ಕಾದು ಬೇಸತ್ತು ಬೇರೊಬ್ಬನಿಗೆ ಮಾತು ಕೊಟ್ಟುಬಿಟ್ಟಳು.

ಮುಂದೆ ಇನ್ನೂ ಆರು ಸಂಬಂಧಗಳನ್ನು ನೋಡಿ, ಯಾವುದೂ ಕೂಡಿಬಾರದೆ, ಕೊನೆಗೆ ಐದನೆಯವಳ ಬಾಗಿಲಿಗೇ ಅವನು ತಿರುಗಿ ಬಂದ. ಅವನ ಪುಣ್ಯ, ಸುಸಾನಾ ಒಪ್ಪಿದಳು. 1613ರ ಅಕ್ಟೋಬರ್ 30ರಂದು ಮದುವೆಯಾಯಿತು. ಆಗ ಅವನಿಗೆ 41 ವರ್ಷ.

ಈ ಪ್ರಸಂಗವನ್ನು ನಮ್ಮ ಕಾಲದ ಗಣಿತ ಲೇಖಕರು "ಒಬ್ಬ ಮನುಷ್ಯ ಹನ್ನೊಂದರಲ್ಲಿ ಒಂದನ್ನು ಆರಿಸುವ ಸಮಸ್ಯೆ" ಎಂದು ಹೇಳುವುದು ರೂಢಿ. ಆದರೆ ಗಮನಿಸಿ ನೋಡಿದರೆ ಇಲ್ಲಿ ನಿರ್ಧಾರ ಮಾಡಿದವನು ಕೆಪ್ಲರ್ ಒಬ್ಬನೇ ಅಲ್ಲ. ಸ್ನೇಹಿತರು ನಿರ್ಧರಿಸಿದರು, ನಾಲ್ಕನೆಯವಳು ನಿರ್ಧರಿಸಿದಳು, ಕೊನೆಯ ಮಾತು ಐದನೆಯವಳದಾಗಿತ್ತು.

ಚೀಟಿ ಎತ್ತುವ ಆಟ

ಈ ಪ್ರಶ್ನೆಯನ್ನು ಲೆಕ್ಕದ ರೂಪದಲ್ಲಿ ಅಚ್ಚಿನಲ್ಲಿ ಮೊದಲು ಕೇಳಿದವರಲ್ಲಿ ಇಂಗ್ಲೆಂಡಿನ ಆರ್ಥರ್ ಕೇಯ್ಲಿ ಒಬ್ಬ. ಹದಿನಾಲ್ಕು ವರ್ಷ ವಕೀಲಿ ಮಾಡಿ, ಆಮೇಲೆ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕನಾದ ಮಹಾ ಗಣಿತಜ್ಞ. 1875ರಲ್ಲಿ ಒಂದು ಶಿಕ್ಷಣ ಪತ್ರಿಕೆಯ ಸಮಸ್ಯೆಗಳ ಅಂಕಣದಲ್ಲಿ ಒಂದು ಲಾಟರಿಯ ಲೆಕ್ಕ ಕೊಟ್ಟ. ಅದನ್ನು ನಮ್ಮ ನಾಣ್ಯದಲ್ಲಿ ಹೇಳುವುದಾದರೆ ಹೀಗೆ: 1, 2, 3, 4 ರೂಪಾಯಿ ಎಂದು ಬರೆದ ನಾಲ್ಕು ಚೀಟಿಗಳಿವೆ. ಒಂದು ಎತ್ತಿ ನೋಡಬಹುದು. ಬೇಡವಾದರೆ ಅದನ್ನು ಬಿಸಾಡಿ ಇನ್ನೊಂದು ಎತ್ತಬಹುದು. ಆದರೆ ಬಿಸಾಡಿದ್ದು ಮತ್ತೆ ಬರುವುದಿಲ್ಲ.

ಒಂದೇ ಸಲ ಎತ್ತುವ ಅವಕಾಶವಿದ್ದರೆ ಸರಾಸರಿ ಎರಡೂವರೆ ರೂಪಾಯಿ ಸಿಗುತ್ತದೆ. ಎರಡು ಸಲ ಎತ್ತಬಹುದಾದರೆ? ಮೊದಲು 3 ಅಥವಾ 4 ಬಂದರೆ ಅಲ್ಲಿಗೇ ನಿಲ್ಲಬೇಕು. 1 ಅಥವಾ 2 ಬಂದರೆ ಮುಂದುವರಿಯಬೇಕು. ಹಾಗೆ ಮಾಡಿದವನಿಗೆ ಸರಾಸರಿ 3 ರೂಪಾಯಿ 17 ಪೈಸೆಯಷ್ಟು ಬರುತ್ತದೆ. ಮೂರು ಸಲಕ್ಕೆ 3 ರೂಪಾಯಿ 54 ಪೈಸೆ. ನಾಲ್ಕು ಸಲಕ್ಕೆ ಪೂರಾ 4 ರೂಪಾಯಿ. ಉಪಾಯ ಇಷ್ಟೇ: ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುವುದು. "ಮುಂದೆ ಹೋದರೆ ಸರಾಸರಿ ಎಷ್ಟು ಸಿಕ್ಕೀತು" ಎಂಬುದಕ್ಕಿಂತ ಕೈಯಲ್ಲಿರುವುದು ಹೆಚ್ಚಾದರೆ ನಿಲ್ಲು, ಇಲ್ಲವಾದರೆ ನಡೆ. ಇಂದಿಗೂ ಈ ಶಾಖೆಯ ಬುನಾದಿ ಇದೇ. ಇಲ್ಲಿ ಅವಕಾಶ ಹೆಚ್ಚಿದಷ್ಟೂ ಲಾಭವೇ. ಏಕೆಂದರೆ ಚೀಟಿಗಳಿಗೆ ಮನಸ್ಸಿಲ್ಲ. ಅವು ಕಾದು ಬೇಸರಪಡುವುದಿಲ್ಲ.

ಯುದ್ಧಕಾಲದ ಗುಟ್ಟು, ನೀಲಗಿರಿಯ ದುರಂತ

ಮುಂದಿನ ದೊಡ್ಡ ಹೆಜ್ಜೆಯನ್ನಿಟ್ಟವನು ಅಬ್ರಹಾಂ ವಾಲ್ಡ್. 1902ರಲ್ಲಿ ಇಂದಿನ ರುಮೇನಿಯದ ಕ್ಲೂಜ್ ಎಂಬ ಊರಿನಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದ. ವಿಯೆನ್ನಾದಲ್ಲಿ ಓದಿದ. 1938ರಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ ಮೇಲೆ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದ. ಹಿಂದೆ ಉಳಿದ ಬಂಧುಗಳಲ್ಲಿ ಬಹುತೇಕ ಎಲ್ಲರೂ ನಾಜಿಗಳ ಕೈಯಲ್ಲಿ ಸತ್ತರು.

ಎರಡನೆಯ ಮಹಾಯುದ್ಧದ ಕಾಲ. ಮದ್ದುಗುಂಡುಗಳನ್ನು ಪರೀಕ್ಷಿಸುವಾಗ ಇಷ್ಟು ಸಾವಿರ ಹಾರಿಸಿ ನೋಡಬೇಕೆಂದು ಮೊದಲೇ ಗೊತ್ತುಮಾಡಿರುತ್ತಿದ್ದರು. ಅನುಭವಸ್ಥ ಅಧಿಕಾರಿಯೊಬ್ಬನಾದರೋ, ಸ್ವಲ್ಪ ಹಾರಿಸಿದಾಗಲೇ "ಇದು ಕೆಟ್ಟ ಮಾಲು, ಸಾಕು" ಎಂದು ಹೇಳಬಲ್ಲವನಾಗಿದ್ದ. ಆ "ಸಾಕು" ಎಂಬುದಕ್ಕೆ ಗಣಿತದ ನಿಯಮವನ್ನು ಕೊಡಲು ಸಾಧ್ಯವೇ ಎಂಬ ಪ್ರಶ್ನೆ ವಾಲ್ಡನ ಬಳಿಗೆ 1943ರಲ್ಲಿ ಬಂತು. ಪ್ರತಿಯೊಂದು ಪರೀಕ್ಷೆಯಾದ ಮೇಲೂ ಲೆಕ್ಕ ನೋಡಿ, ಒಪ್ಪು, ಬಿಡು, ಇಲ್ಲವೆ ಇನ್ನೊಂದು ಪರೀಕ್ಷಿಸು ಎಂದು ಹೇಳುವ ವಿಧಾನವನ್ನು ಅವನು ರೂಪಿಸಿದ. ಹಳೆಯ ಕ್ರಮಕ್ಕೆ ಹೋಲಿಸಿದರೆ ಸರಾಸರಿ ಸುಮಾರು ಅರ್ಧದಷ್ಟು ಪರೀಕ್ಷೆಗಳು ಉಳಿಯುತ್ತಿದ್ದವು. ಯುದ್ಧ ಮುಗಿಯುವವರೆಗೂ ಸರ್ಕಾರ ಇದನ್ನು ಗುಟ್ಟಾಗಿಟ್ಟಿತ್ತು. ಅವನ ಪುಸ್ತಕ ಹೊರಬಂದದ್ದು 1947ರಲ್ಲಿ.

ವಾಲ್ಡ್ ಇನ್ನೂ ಒಂದು ಮಾತು ಹೇಳಿದ. ನಾವು ನಿರ್ಧಾರ ಮಾಡುವಾಗ ಎದುರಿಗೆ ಯಾರೂ ಇಲ್ಲವೆಂದು ತಿಳಿಯಬೇಡಿ. ಪ್ರಕೃತಿಯೇ ಎದುರು ಕುಳಿತು ಆಡುತ್ತಿದೆಯೆಂದು ಭಾವಿಸಿ ಲೆಕ್ಕ ಹಾಕಿ ಎಂದ. 1950ರಲ್ಲಿ ಪ್ರಕಟವಾದ ಅವನ ಕೊನೆಯ ಪುಸ್ತಕದ ಸಾರ ಇದು. ಪ್ರಕೃತಿಗೆ ಹಗೆತನವಿಲ್ಲ, ನಿಜ. ಆದರೂ ಪಗಡೆಯ ಹಾಸಿನ ಆಚೆ ಬದಿಗೆ ಒಂದು ಮಣೆ ಹಾಕಿದವನು ಅವನು.

ಅದೇ ವರ್ಷ ವಾಲ್ಡ್ ಭಾರತ ಸರ್ಕಾರದ ಆಹ್ವಾನದ ಮೇರೆಗೆ ಉಪನ್ಯಾಸಗಳಿಗಾಗಿ ಪತ್ನಿಯೊಡನೆ ನಮ್ಮ ದೇಶಕ್ಕೆ ಬಂದ. 1950ರ ಡಿಸೆಂಬರ್ 13ರಂದು ಅವರಿದ್ದ ವಿಮಾನ ನೀಲಗಿರಿ ಬೆಟ್ಟಗಳಿಗೆ ಅಪ್ಪಳಿಸಿತು. ಗಂಡಹೆಂಡಿರಿಬ್ಬರೂ ಹೋದರು. ಅವನಿಗೆ ಆಗ 48 ವರ್ಷ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವಾಗ ಎದುರಿಗೇಳುವ ಬೆಟ್ಟಸಾಲನ್ನು ನಮ್ಮಲ್ಲಿ ಎಷ್ಟೋ ಜನ ನೋಡಿದ್ದೇವೆ. ನಿಲ್ಲುವ ಕಾಲವನ್ನು ಲೆಕ್ಕದಲ್ಲಿ ಹಿಡಿದ ಮನುಷ್ಯನ ಪಯಣ ಆ ಸಾಲಿನಲ್ಲಿ ನಿಂತಿತೆಂಬುದು ನಮಗೆ ತಿಳಿದಿರುವುದಿಲ್ಲ.

ಎರಡು ಪಿಸ್ತೂಲುಗಳು

ಎದುರಿಗೆ ನಿಜವಾದ ಮನುಷ್ಯನನ್ನೇ ನಿಲ್ಲಿಸಿದ್ದು 1940ರ ದಶಕದ ಕೊನೆಯಲ್ಲಿ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಸೇನೆಗೆ ಸಂಬಂಧಿಸಿದ ಲೆಕ್ಕಗಳನ್ನು ಮಾಡುತ್ತಿದ್ದರು. ಅಲ್ಲಿ ಬೇಸಿಗೆ ತಿಂಗಳುಗಳಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಡೇವಿಡ್ ಬ್ಲ್ಯಾಕ್‌ವೆಲ್ ಒಬ್ಬರು. ಇವರು ಆಫ್ರಿಕನ್ ಅಮೆರಿಕನ್ ಜನಾಂಗದವರು. 22ನೆಯ ವಯಸ್ಸಿಗೇ ಡಾಕ್ಟರೇಟ್ ಪಡೆದರೂ ಮೈಬಣ್ಣದ ಕಾರಣ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಮೊದಲಿಗೆ ತೆರೆಯಲಿಲ್ಲ. 1965ರಲ್ಲಿ ಆ ದೇಶದ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಆ ಜನಾಂಗದ ಮೊದಲಿಗರು ಇವರೇ.

ಅವರು ಬಿಡಿಸಿದ ಸಮಸ್ಯೆ ಇದು. ಇಬ್ಬರು ಪಿಸ್ತೂಲು ಹಿಡಿದು ಎದುರುಬದುರಾಗಿ ನಡೆದು ಬರುತ್ತಿದ್ದಾರೆ. ತಲಾ ಒಂದೇ ಗುಂಡು. ದೂರದಲ್ಲಿ ಹೊಡೆದರೆ ಗುರಿ ತಪ್ಪುವ ಸಂಭವ ಹೆಚ್ಚು. ಹತ್ತಿರವಾದಂತೆ ಗುರಿ ಖಚಿತ. ಯಾವಾಗ ಹೊಡೆಯಬೇಕು?

ಎದುರಿಗೆ ಬೊಂಬೆ ಇದ್ದರೆ ಉತ್ತರ ಸುಲಭ: ಮೂಗಿಗೆ ಮೂಗು ತಾಗುವವರೆಗೆ ನಡೆದು ಹೊಡೆಯುವುದು. ಎದುರಿಗೆ ಸಮಬಲದ ಮನುಷ್ಯನಿದ್ದು, ಗುಂಡಿನ ಸದ್ದು ಇಬ್ಬರಿಗೂ ಕೇಳಿಸುವಂತಿದ್ದರೆ ಉತ್ತರ ಬೇರೆ. ನಾನು ಹೊಡೆದು ತಪ್ಪಿದರೆ ಅವನು ನಿಶ್ಚಿಂತೆಯಾಗಿ ಹತ್ತಿರ ಬಂದು ನನ್ನನ್ನು ಮುಗಿಸುತ್ತಾನೆ. ಅವನು ತಪ್ಪಿದರೆ ನಾನು ಅವನನ್ನು. ಆದ್ದರಿಂದ ಗುರಿ ತಗಲುವ ಸಂಭವ ಸರಿಯಾಗಿ ಅರ್ಧಕ್ಕೆ ಬಂದ ಕ್ಷಣದಲ್ಲಿ ಹೊಡೆಯಬೇಕು. ಇನ್ನು ಗುಂಡಿನ ಸದ್ದೇ ಕೇಳಿಸದಿದ್ದರೆ? ಆಗ ಅವನು ಹೊಡೆದು ತಪ್ಪಿದ್ದಾನೋ, ಇನ್ನೂ ಹೊಡೆದೇ ಇಲ್ಲವೋ ತಿಳಿಯದು. ಈ ಸಂದರ್ಭದಲ್ಲಿ, ಸಂಭವ ಮೂರರಲ್ಲಿ ಒಂದಕ್ಕೆ ಬಂದಾಗಿನಿಂದಲೇ, ಯಾವ ಗಳಿಗೆಯೆಂದು ಎದುರಾಳಿಗೆ ಊಹಿಸಲಾಗದಂತೆ ಹೊಡೆಯಬೇಕಾಗುತ್ತದೆ.

ಒಬ್ಬನೇ ಇದ್ದಾಗ ಕೊನೆಯವರೆಗೆ ಕಾಯುವವನು, ಎದುರಾಳಿ ಕಾಣುತ್ತಿದ್ದರೆ ಅರ್ಧಕ್ಕೆ, ಎದುರಾಳಿಯ ಸುಳಿವು ಸಿಗದಿದ್ದರೆ ಮೂರರಲ್ಲೊಂದಕ್ಕೇ ಸಿದ್ಧನಾಗಬೇಕು. ಇನ್ನೊಬ್ಬನ ಇರವೇ ನಮ್ಮ ತಾಳ್ಮೆಯನ್ನು ಮೊಟಕುಮಾಡುತ್ತದೆ. "ತಾಳಿದವನು ಬಾಳಿಯಾನು" ಎಂಬ ಮಾತು ಇಲ್ಲಿ ಅರ್ಧ ಮಾತ್ರ ನಿಜ.

ಮೂವತ್ತೇಳರ ನಿಯಮ ಮತ್ತು ಅದರ ಕೊರತೆ

1960ರ ಫೆಬ್ರವರಿಯಲ್ಲಿ ಅಮೆರಿಕದ ವಿಜ್ಞಾನ ಲೇಖಕ ಮಾರ್ಟಿನ್ ಗಾರ್ಡ್‌ನರ್ ತಮ್ಮ ಅಂಕಣದಲ್ಲಿ ಒಂದು ಆಟವನ್ನು ವಿವರಿಸಿದರು. ಒಬ್ಬನು ಚೀಟಿಗಳ ಮೇಲೆ ಮನಬಂದ ಸಂಖ್ಯೆಗಳನ್ನು ಬರೆದು ಬೋರಲು ಹಾಕುತ್ತಾನೆ. ಇನ್ನೊಬ್ಬನು ಒಂದೊಂದಾಗಿ ತಿರುವುತ್ತಾ ಹೋಗಿ, ಎಲ್ಲಕ್ಕಿಂತ ದೊಡ್ಡದೆಂದು ತೋರಿದ ಕಡೆ ನಿಲ್ಲಬೇಕು. ಹಿಂದೆ ಬಿಟ್ಟದ್ದನ್ನು ತಿರುಗಿ ತೆಗೆದುಕೊಳ್ಳುವಂತಿಲ್ಲ. ಮರುವರ್ಷ ಇಂಗ್ಲೆಂಡಿನ ಡೆನಿಸ್ ಲಿಂಡ್ಲಿ ಇದನ್ನು ಶಾಸ್ತ್ರೀಯವಾಗಿ ಬಿಡಿಸಿ ಪ್ರಕಟಿಸಿದರು. ಉತ್ತರ ಲೋಕಪ್ರಸಿದ್ಧವಾಯಿತು: ಚೀಟಿಗಳ ಸಂಖ್ಯೆ ದೊಡ್ಡದಾಗಿದ್ದರೆ, ಮೊದಲ 37 ಶೇಕಡದಷ್ಟನ್ನು ನೋಡಿ ಬಿಟ್ಟುಬಿಡಿ, ಆಮೇಲೆ ಅವೆಲ್ಲವನ್ನೂ ಮೀರಿಸುವಂಥದು ಬಂದ ಕೂಡಲೇ ಹಿಡಿಯಿರಿ. ಅತ್ಯುತ್ತಮವಾದುದೇ ಕೈಗೆ ಸಿಗುವ ಸಂಭವವೂ 37 ಶೇಕಡದಷ್ಟೇ.

ಹನ್ನೊಂದು ಇದ್ದಾಗಿನ ಲೆಕ್ಕವನ್ನು ನಾನೇ ಕಾಗದ ಪೆನ್ಸಿಲು ಹಿಡಿದು ಮಾಡಿ ನೋಡಿದೆ. ಮೊದಲ ನಾಲ್ಕನ್ನು ಬಿಟ್ಟು ಐದನೆಯದರಿಂದ ಆರಿಸಲು ಶುರುಮಾಡಬೇಕು. ಗೆಲ್ಲುವ ಸಂಭವ ಹತ್ತರಲ್ಲಿ ನಾಲ್ಕಕ್ಕೆ ತುಸು ಕಡಿಮೆ. ಕೆಪ್ಲರ್ ಕೊನೆಗೆ ಮದುವೆಯಾದದ್ದು ಐದನೆಯವಳನ್ನೇ ಎಂಬುದು ಸ್ವಾರಸ್ಯ.

ಆದರೆ ಈ ನಿಯಮದಲ್ಲಿ ಒಂದು ದೊಡ್ಡ ಕೊರತೆ ಇದೆ. ನಾವು "ಇದೇ ಇರಲಿ" ಎಂದ ಕೂಡಲೇ ಅದು ನಮ್ಮದಾಗುತ್ತದೆಂದು ಅದು ನಂಬಿದೆ. ಕನ್ಯೆ "ಒಲ್ಲೆ" ಎಂದರೆ? 1975ರಲ್ಲಿ ಸ್ಮಿತ್ ಎಂಬ ಗಣಿತಜ್ಞರು ಇದನ್ನೂ ಲೆಕ್ಕಕ್ಕೆ ತಂದರು. ಎದುರು ಕಡೆಯವರು ಒಪ್ಪುವ ಸಂಭವ ಅರ್ಧ ಮಾತ್ರ ಎಂದಿಟ್ಟುಕೊಂಡರೆ, 37 ಶೇಕಡ ಬಿಡುವ ಬದಲು ಕಾಲು ಭಾಗವನ್ನು ಮಾತ್ರ ನೋಡಿ ಬಿಡಬೇಕು. ಗೆಲ್ಲುವ ಸಂಭವವೂ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ. ಇಲ್ಲಿಯೂ ಅದೇ ಪಾಠ. ಎದುರಿಗಿರುವವರಿಗೂ ಮನಸ್ಸಿದೆಯೆಂದು ಒಪ್ಪಿಕೊಂಡವನು ಬೇಗ ಶುರುಮಾಡಬೇಕು. ಅವನ ಆಸೆಗೂ ಮಿತಿ ಇರಬೇಕು.

ಡಿಂಕಿನ್‌ನ ಆಟ

ಇಬ್ಬರಿಗೂ ನಿಲ್ಲಿಸುವ ಹಕ್ಕಿರುವ ಆಟಕ್ಕೆ ಶಾಸ್ತ್ರದ ರೂಪ ಕೊಟ್ಟವನು ಸೋವಿಯತ್ ಗಣಿತಜ್ಞ ಯೆವ್ಗೆನಿ ಡಿಂಕಿನ್. ಇವನ ಬಾಳೂ ಕಷ್ಟದ್ದೇ. 1924ರಲ್ಲಿ ಲೆನಿನ್‌ಗ್ರಾಡಿನಲ್ಲಿ ಹುಟ್ಟಿದ. ಹನ್ನೊಂದನೆಯ ವಯಸ್ಸಿನಲ್ಲಿ ಅವನ ಸಂಸಾರವನ್ನೇ ಕಜಾಕಿಸ್ತಾನಕ್ಕೆ ಗಡೀಪಾರು ಮಾಡಿದರು. ಎರಡು ವರ್ಷಗಳ ಬಳಿಕ ಸ್ಟಾಲಿನ್ ಕಾಲದ ದಮನಕ್ಕೆ ತಂದೆ ಬಲಿಯಾದರು. ಆದರೂ 16ನೆಯ ವಯಸ್ಸಿಗೆ ಮಾಸ್ಕೋ ವಿಶ್ವವಿದ್ಯಾಲಯವನ್ನು ಸೇರಿ, ಮಹಾ ಗಣಿತಜ್ಞ ಕೊಲ್ಮೊಗೊರೊವ್‌ರ ಬಳಿ ಕಲಿತು ಹೆಸರು ಮಾಡಿದ. 1968ರಲ್ಲಿ, ಬಂಧನದಲ್ಲಿದ್ದ ಒಬ್ಬ ಗಣಿತಜ್ಞನ ಪರವಾಗಿ ಬರೆದ ಬಹಿರಂಗ ಪತ್ರಕ್ಕೆ ಸಹಿ ಹಾಕಿದ. ಅದರಿಂದ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಸಹಿ ಹಾಕಿದವರು ಒಟ್ಟು 99 ಮಂದಿ. ಪ್ರತಿಯೊಬ್ಬನೂ "ಸುಮ್ಮನಿದ್ದದ್ದು ಸಾಕು" ಎಂದು ತಾನೇ ನಿರ್ಧರಿಸಬೇಕಾಗಿತ್ತು. ಆದರೆ ಇತರರು ಏನು ಮಾಡುತ್ತಾರೆಂಬುದರ ಮೇಲೆ ಪ್ರತಿಯೊಬ್ಬನ ಕ್ಷೇಮವೂ ನಿಂತಿತ್ತು.

ಇದಾದ ಮರುವರ್ಷ, 1969ರಲ್ಲಿ, ನಾಲ್ಕೇ ಪುಟಗಳ ಅವನ ಒಂದು ಲೇಖನ ಪ್ರಕಟವಾಯಿತು. ನಿಲ್ಲಿಸುವ ಸಮಸ್ಯೆಗೆ ಆಟದ ರೂಪ ಅದರ ವಿಷಯ. ಫ್ರಾನ್ಸಿನ ಜಾಕ್ ನೆವೂ 1975ರಲ್ಲಿ ಅದನ್ನು ಇನ್ನಷ್ಟು ಸರಳಗೊಳಿಸಿದರು. ಆಟ ಹೀಗೆ: ಇಬ್ಬರ ನಡುವೆ ಒಂದು ಮೊತ್ತ ಕಾಲಕ್ರಮದಲ್ಲಿ ಏರುತ್ತ ಇಳಿಯುತ್ತ ಇರುತ್ತದೆ. ಮೊದಲನೆಯವನು ನಿಲ್ಲಿಸಿದರೆ ಆ ಗಳಿಗೆಯ ಮೊತ್ತ ಅವನಿಗೆ ಸಲ್ಲುತ್ತದೆ. ಎರಡನೆಯವನು ನಿಲ್ಲಿಸಿದರೆ ಅದಕ್ಕಿಂತ ಸ್ವಲ್ಪ ಹೆಚ್ಚು ತೆರಬೇಕು. ಮೊದಲನೆಯವನು ಮೊತ್ತ ಏರಲೆಂದು ಕಾಯುತ್ತಾನೆ. ಎರಡನೆಯವನು ಬಹಳ ಏರುವ ಮೊದಲೇ ಮುಗಿಸಿಬಿಡಲು ನೋಡುತ್ತಾನೆ. ಒಬ್ಬನ ಲಾಭ ಇನ್ನೊಬ್ಬನ ನಷ್ಟ. ಇಬ್ಬರೂ ಜಾಣರಾದರೆ ಈ ಆಟಕ್ಕೆ ಒಂದು ನಿಶ್ಚಿತ ಬೆಲೆಯಿದೆ, ಯಾರು ಯಾರ ತಂತ್ರವನ್ನು ಮೊದಲೇ ತಿಳಿದರೂ ಆ ಬೆಲೆ ಬದಲಾಗದು ಎಂಬುದು ಇದರ ಸಾರ. ಒಬ್ಬನಿಗೆ ಎಲ್ಲಿ ನಿಲ್ಲಬೇಕೆಂಬ ಗೆರೆಯೊಂದಿದ್ದರೆ, ಇಬ್ಬರಿಗೆ ಎರಡು ಗೆರೆಗಳು. ಒಬ್ಬನ ಗೆರೆ ಇನ್ನೊಬ್ಬನ ಗೆರೆಯನ್ನು ನೋಡಿಕೊಂಡೇ ಎಳೆಯತಕ್ಕದ್ದು. ಡಿಂಕಿನ್ 1976ರ ಕೊನೆಯಲ್ಲಿ ತಾಯ್ನಾಡನ್ನೇ ಬಿಟ್ಟು, ಮರುವರ್ಷ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ, 2014ರಲ್ಲಿ ಅಲ್ಲಿಯೇ ತೀರಿಕೊಂಡ.

ಇದು ಬರಿಯ ಪುಸ್ತಕದ ಬದನೆಕಾಯಿಯಲ್ಲ. 1990ರ ದಶಕದಲ್ಲಿ ನಮ್ಮ ದೇಶದಲ್ಲಿ ಮಗಳ ಮದುವೆಗೆ, ಮಗನ ಓದಿಗೆ ಎಂದು ದೀರ್ಘಾವಧಿಯ ಬಾಂಡುಗಳನ್ನು ಕೊಂಡವರು ಬಹಳ. ಅವುಗಳಲ್ಲಿ ಕೆಲವಕ್ಕೆ, ಗೊತ್ತಾದ ವರ್ಷಗಳಲ್ಲಿ ನಾವು ಹಣ ವಾಪಸು ಕೇಳಬಹುದು, ಅವರೂ ಹಣ ಕೊಟ್ಟು ಬಾಂಡನ್ನು ಮುಗಿಸಬಹುದು ಎಂಬ ಷರತ್ತಿತ್ತು. ಬಡ್ಡಿದರ ಇಳಿದಾಗ ಕೊಟ್ಟವರಿಗೆ ಮುಗಿಸುವ ಆಸೆ, ಏರಿದಾಗ ನಮಗೆ. ಕೊಂಡವರಲ್ಲಿ ಹೆಚ್ಚಿನವರು ತಮ್ಮ ಹಕ್ಕನ್ನು ಓದಿಕೊಂಡಿದ್ದರು. ಎದುರು ಕಡೆಯವರ ಹಕ್ಕನ್ನು ಓದಿಕೊಂಡವರು ಕಡಿಮೆ. ಜೆರೂಸಲೇಮಿನ ಯೂರಿ ಕಿಫರ್ 2000ದಲ್ಲಿ, ಇಬ್ಬರಿಗೂ ಮುಗಿಸುವ ಹಕ್ಕಿರುವ ಇಂಥ ಒಪ್ಪಂದಗಳಿಗೆ ಬೆಲೆ ಕಟ್ಟಲು ಡಿಂಕಿನ್‌ನ ಆಟವನ್ನೇ ಬಳಸಿದರು.

ಮನೆಯವರೆಲ್ಲ ಕೂಡಿ ನೋಡುವ ಮನೆ

ಇಲ್ಲಿಯವರೆಗೆ ಎದುರಾಳಿಗಳ ಮಾತಾಯಿತು. ಒಂದೇ ಪಕ್ಷದವರು ಹಲವರಿದ್ದರೆ? ಜಪಾನಿನ ಕುರಾನೊ, ಯಸುದಾ, ನಾಕಾಗಾಮಿ ಎಂಬ ಮೂವರು 1980ರಲ್ಲಿ, ಬಹುಮತದಿಂದ "ಸಾಕು" ಎಂದು ತೀರ್ಮಾನಿಸುವ ಗುಂಪಿನ ಗಣಿತವನ್ನು ಬರೆದರು. ಅದನ್ನು ನಮ್ಮ ಮನೆಯ ಮಟ್ಟಕ್ಕೆ ಇಳಿಸಿ ಒಂದು ಚಿಕ್ಕ ಲೆಕ್ಕ ಮಾಡೋಣ.

ಎರಡು ಮನೆಗಳನ್ನು ತೋರಿಸುತ್ತಾರೆ. ಮೊದಲನೆಯದನ್ನು ಬಿಟ್ಟರೆ ಅದು ಹೋಯಿತು, ಎರಡನೆಯದನ್ನು ಹಿಡಿಯಲೇಬೇಕು. ಪ್ರತಿಯೊಬ್ಬರೂ ಮನೆಗೆ ನೂರರೊಳಗೆ ಅಂಕ ಕೊಡುತ್ತಾರೆ. ಯಾವ ಅಂಕ ಬೀಳುವ ಸಂಭವವೂ ಒಂದೇ. ಒಬ್ಬನೇ ನೋಡುವವನು ಮೊದಲ ಮನೆ 50ಕ್ಕಿಂತ ಮೇಲಿದ್ದರೆ ಹಿಡಿಯುತ್ತಾನೆ. ಅವನಿಗೆ ಸರಾಸರಿ ಬೀಳುವುದು 62.5 ಅಂಕದ ಮನೆ. ಗಂಡಹೆಂಡಿರು ಇಬ್ಬರೂ ಒಪ್ಪಬೇಕು, ಇಬ್ಬರ ಅಭಿರುಚಿಗೂ ಸಂಬಂಧವಿಲ್ಲ ಎಂದಾದರೆ ತಲಾ ಸರಾಸರಿ 56.25ಕ್ಕೆ ಇಳಿಯುತ್ತದೆ. ಹಾಗಲ್ಲ, ಇಬ್ಬರಲ್ಲಿ ಒಬ್ಬರು ಹೂಂ ಎಂದರೂ ಸಾಕು ಎಂದು ನಿಯಮ ಮಾಡಿಕೊಂಡರೆ? ಆಶ್ಚರ್ಯವೆಂದರೆ ಆಗಲೂ 56.25ರಷ್ಟೇ. ಮೊದಲನೆಯದರಲ್ಲಿ ಮೆಚ್ಚಿದ ಮನೆ ತಪ್ಪಿಹೋಗುತ್ತದೆ. ಎರಡನೆಯದರಲ್ಲಿ ಮೆಚ್ಚದ ಮನೆ ತಲೆಗೆ ಕಟ್ಟುತ್ತದೆ.

ಬೆಳೆದ ಮಗಳನ್ನೂ ಸೇರಿಸಿಕೊಂಡು ಮೂವರಾಗಿ, ಮೂವರೂ ಒಪ್ಪಲೇಬೇಕೆಂದರೆ ಸರಾಸರಿ 53ರ ಹತ್ತಿರ ಬೀಳುತ್ತದೆ. ಅದೇ ಮೂವರಲ್ಲಿ ಇಬ್ಬರು ಒಪ್ಪಿದರೆ ಸಾಕೆಂದರೆ ಮತ್ತೆ 56.25! ಅಂದರೆ ಬಹುಮತಕ್ಕೆ ತಲೆಬಾಗುವ ಮನೆಯಲ್ಲಿ ಮೂರನೆಯವರನ್ನು ಸೇರಿಸಿಕೊಂಡರೂ ನಷ್ಟವಿಲ್ಲ. ಎಲ್ಲರಿಗೂ ತಡೆಯುವ ಹಕ್ಕಿರುವ ಮನೆಯಲ್ಲಿ ಜನ ಹೆಚ್ಚಿದಂತೆ ಸರಾಸರಿ 50ರ ಕಡೆಗೆ, ಅಂದರೆ ಕಣ್ಣು ಮುಚ್ಚಿ ಆರಿಸಿದ ಮಟ್ಟಕ್ಕೆ, ಇಳಿಯುತ್ತದೆ. ಇನ್ನು ಎಲ್ಲರ ಅಭಿರುಚಿಯೂ ಒಂದೇ ಆಗಿದ್ದರೆ ಎಲ್ಲರಿಗೂ 62.5. ಹೊರಡುವ ಮುನ್ನ ಮನೆಯಲ್ಲಿ ಕುಳಿತು, ನಮಗೆ ಬೇಕಾದದ್ದು ಗಾಳಿಯೋ, ಶಾಲೆಯೋ, ಬಸ್ ನಿಲ್ದಾಣವೋ ಎಂದು ಮಾತಾಡಿಕೊಂಡರೆ ಇಷ್ಟು ಲಾಭವಿದೆ.

ಮೂವರು ಪ್ರತಿಸ್ಪರ್ಧಿಗಳಾದಾಗಿನ ಒಂದು ವಿಚಿತ್ರವನ್ನು ನೆದರ್ಲೆಂಡ್ಸಿನ ಫ್ಲೆಶ್, ತೌಸ್‌ಮನ್, ವ್ರೀಜ಼ೆ ಎಂಬವರು 1997ರಲ್ಲಿ ತೋರಿಸಿದರು. ಮೂವರು ದುಂಡಗೆ ಕುಳಿತಿದ್ದಾರೆ. ಒಬ್ಬನೇ ಆಟ ನಿಲ್ಲಿಸಿದರೆ ಅವನಿಗೆ 1, ಅವನ ಮುಂದಿನವನಿಗೆ 3, ಹಿಂದಿನವನಿಗೆ ಸೊನ್ನೆ. ಯಾರೂ ನಿಲ್ಲಿಸದಿದ್ದರೆ ಎಲ್ಲರಿಗೂ ಸೊನ್ನೆ. ಪ್ರತಿಯೊಬ್ಬನೂ "ನನ್ನ ಹಿಂದಿನವನು ನಿಲ್ಲಿಸಲಿ" ಎಂದು ಕಾಯುತ್ತಾನೆ. ಇದಕ್ಕೆ ಪರಿಹಾರ, ಸರದಿ. ಮೊದಲನೆಯವನು ತನ್ನ ಸರದಿಯಲ್ಲಿ ನಾಣ್ಯ ಚಿಮ್ಮಿ ನಿಲ್ಲಿಸುವುದೋ ಬಿಡುವುದೋ ನಿರ್ಧರಿಸುತ್ತಾನೆ. ಆಮೇಲೆ ಎರಡನೆಯವನು, ಆಮೇಲೆ ಮೂರನೆಯವನು, ಮತ್ತೆ ಮೊದಲನೆಯವನು. ಪಾಳಿ ಹಚ್ಚಿಕೊಂಡು ಬಾಳುವುದನ್ನು ನಮ್ಮ ವಠಾರಗಳ ನಲ್ಲಿಯ ಮುಂದೆ ಯಾವ ಗಣಿತವೂ ಇಲ್ಲದೆ ನಾವು ಕಲಿತಿದ್ದೆವು.

ಕಾದು ಕೆಟ್ಟವರು

ಹಾಗಾದರೆ ಇನ್ನೊಬ್ಬನಿದ್ದರೆ ಯಾವಾಗಲೂ ಬೇಗ ನಿಲ್ಲುತ್ತೇವೆಯೇ? ಇಲ್ಲ. ಒಂದು ಬಗೆಯ ಆಟದಲ್ಲಿ ಇದಕ್ಕೆ ತದ್ವಿರುದ್ಧ. ಇಂಗ್ಲೆಂಡಿನ ಜೀವವಿಜ್ಞಾನಿ ಜಾನ್ ಮೇನಾರ್ಡ್ ಸ್ಮಿತ್ 1974ರಲ್ಲಿ ಪ್ರಾಣಿಗಳ ಕಾದಾಟವನ್ನು ಕುರಿತು ಬರೆಯುತ್ತಾ ಇದನ್ನು ವಿವರಿಸಿದರು. ಎರಡು ಪ್ರಾಣಿಗಳು ಒಂದೇ ಜಾಗಕ್ಕಾಗಿ ಎದುರುಬದುರಾಗಿ ನಿಂತಿವೆ. ಕಚ್ಚುವುದಿಲ್ಲ, ಯಾವುದು ಮೊದಲು ಬೇಸತ್ತು ಹೋಗುತ್ತದೆಂದು ಕಾಯುತ್ತವೆ. ಕಾಯುವ ಪ್ರತಿ ಗಳಿಗೆಗೂ ಎರಡಕ್ಕೂ ನಷ್ಟ. ಸಮತೋಲದಲ್ಲಿ ಇವುಗಳ ಸ್ಥಿತಿ ಏನೆಂದು ಲೆಕ್ಕ ಹಾಕಿದರೆ, ಸರಾಸರಿಯಲ್ಲಿ ಇಬ್ಬರೂ ಕಾದು ಕಳೆದುಕೊಂಡದ್ದರ ಮೊತ್ತ ಆ ಜಾಗದ ಬೆಲೆಗೆ ಸರಿಸಮ. ನಿವ್ವಳ ಲಾಭ ಸೊನ್ನೆ.

ಅಣ್ಣತಮ್ಮಂದಿರು ಊರಿನ ಹಳೆಯ ಮನೆಗಾಗಿ ಇಪ್ಪತ್ತು ವರ್ಷ ಕಚೇರಿ ಹತ್ತಿದ ಕಥೆ ನಮ್ಮಲ್ಲಿ ಯಾರ ಬಂಧುಬಳಗದಲ್ಲಿಲ್ಲ? "ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆ ಈ ಲೆಕ್ಕವನ್ನು ಬಹಳ ಹಿಂದೆಯೇ ಹೇಳಿಟ್ಟಿದೆ. ಎದುರಾಳಿ ನನಗಿಂತ ಮುಂಚೆ ಹಿಡಿದುಬಿಡುತ್ತಾನೆಂಬ ಭಯವಿರುವಲ್ಲಿ ನಾವು ಬೇಗ ನಿಲ್ಲುತ್ತೇವೆ. ಎದುರಾಳಿ ನನಗಿಂತ ಮುಂಚೆ ಬಿಟ್ಟುಕೊಡುತ್ತಾನೆಂಬ ಆಸೆಯಿರುವಲ್ಲಿ ನಿಲ್ಲುವುದನ್ನೇ ಮರೆಯುತ್ತೇವೆ. ನಾವು ಯಾವ ಆಟದಲ್ಲಿದ್ದೇವೆಂದು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಈಗ ಕೆಪ್ಲರನಿಗೇ ಹಿಂತಿರುಗೋಣ. ಅವನ ಕಾಗದದಲ್ಲಿ ನಮಗೆ ಸಿಗುವುದು ಅವನ ಮನಸ್ಸಿನ ತೂಗಾಟ ಮಾತ್ರ. ಕಾದು ಬೇಸತ್ತ ನಾಲ್ಕನೆಯವಳು ಎಷ್ಟು ವಾರ ದಾರಿ ನೋಡಿದಳು? ಅಂತಸ್ತು ಸಾಲದೆಂದು ಪಕ್ಕಕ್ಕೆ ಸರಿಸಲ್ಪಟ್ಟ ಸುಸಾನಾ, ಅವನು ಇನ್ನೂ ಆರು ಮನೆ ತಿರುಗಿ ಬಂದ ಮೇಲೆ ಹೂಂ ಎಂದಾಗ ಅವಳ ಲೆಕ್ಕವೇನಿತ್ತು? ಅವರು ಕಾಗದ ಬರೆದಿಡಲಿಲ್ಲ. ಗಣಿತವೂ ಮುನ್ನೂರೈವತ್ತು ವರ್ಷ ಅವರನ್ನು ಕೇಳಲಿಲ್ಲ.

ನಮ್ಮ ಸಂಘದ ಸಮಾರಂಭಗಳಲ್ಲಿ, ತಿಂಡಿಯ ತಟ್ಟೆ ಹಿಡಿದು ನಿಂತಾಗ, ಜಾತಕಗಳು ಕೈಯಿಂದ ಕೈಗೆ ಹೋಗುವುದನ್ನು ಎಲ್ಲರೂ ಕಂಡಿದ್ದೇವೆ. "ನೋಡಿ ಹೇಳುತ್ತೇವೆ" ಎಂದು ಜೇಬಿಗಿಳಿಸಿ, ಇನ್ನೂ ಒಳ್ಳೆಯದು ಬರಬಹುದೆಂದು ತಿಂಗಳುಗಟ್ಟಲೆ ಸುಮ್ಮನಿರುವವರು ಉಂಟು. ಆ ಕಡೆ ಒಂದು ಮನೆಯಲ್ಲಿ ಟೆಲಿಫೋನು ಬಾರಿಸಿದಾಗಲೆಲ್ಲ ಒಬ್ಬ ತಾಯಿ ಎದ್ದು ಹೋಗುತ್ತಿರುತ್ತಾಳೆ. ಇಷ್ಟೆಲ್ಲ ಗಣಿತವನ್ನು ಓದಿ ನಾನು ನನ್ನ ಮನೆಯಲ್ಲಿ ಜಾರಿಗೆ ತಂದ ನಿಯಮ ಒಂದೇ: ಹೂಂ ಎನ್ನಲು ಒಂದು ವಾರ, ಇಲ್ಲವೆನ್ನಲು ಎರಡೇ ದಿನ. ಅದಕ್ಕಿಂತ ಹೆಚ್ಚು ಕಾಯಿಸುವ ಹಕ್ಕು ನಮಗಿಲ್ಲ. ನಮ್ಮ "ಸಾಕು" ನಮ್ಮೊಬ್ಬರದೇ ಅಲ್ಲವಲ್ಲ.